ವಾಡೆಗಳನ್ನೂ ಕಾಯಬೇಕು

ಬಾದಾಮಿಯ ಬೆಟ್ಟವನ್ನು ಕ್ರಿ.ಶ. 543ರಲ್ಲಿ ದುರ್ಗವಾಗಿಸಿದ ಒಂದನೆಯ ಪುಲಕೇಶಿಯು ಎಂತಹ ಮನೆಯಲ್ಲಿ ವಾಸವಾಗಿದ್ದನೆಂದು ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತ ಯಾತ್ರಿಕನು ಕೇಳಿದರೆ, ಅವನಿಗೆ ಗುಹಾಲಯಗಳನ್ನೂ ಶಿವಾಲಯಗಳನ್ನೂ ತೋರಿಸಬಲ್ಲೆವಲ್ಲದೆ ಅರಮನೆಯನ್ನು ತೋರಿಸಲಾರೆವು. ದೇವರ ಮನೆಗೆ ಸಂದ ಕಲ್ಲು ನಿಂತಿತು; ಮನುಷ್ಯರ ಮನೆಗೆ ಸಂದ ಮರವೂ ಮಣ್ಣೂ ಕಾಲನ ಪಾಲಾದುವು.

ಆ ಮರಗೆಲಸದ ಒಂದು ನೆನಪು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಲಾಡಖಾನ ಗುಡಿಯ ಚಾವಣಿಯ ಮೇಲೆ ಉಳಿದಿದೆ. ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿ, ಅವುಗಳ ಸಂದುಗಳ ಮೇಲೆ ಮರದ ದಿಮ್ಮಿಯಂತೆ ಕಡೆದ ನೀಳ ಕಲ್ಲುಗಳನ್ನು ಒಂದೊಂದಾಗಿ ಮಲಗಿಸಿದ ಆ ಶಿಲ್ಪಿಯು, ತಾನು ಕಂಡುಂಡ ಮರದ ಮಂಟಪದ ರೀತಿಯನ್ನೇ ಶಿಲೆಗೆ ಇಳಿಸಿದನು. ಆ ಗುಡಿಗೆ ಈಗಿನ ಹೆಸರು ಬಂದದ್ದು, ಬಹುಕಾಲದ ಮೇಲೆ ಅದರಲ್ಲಿ ಮನೆಮಾಡಿಕೊಂಡಿದ್ದನೆನ್ನಲಾದ ಒಬ್ಬ ಮನುಷ್ಯನಿಂದ ಎಂಬುದೂ ನನಗೆ ಬಹಳ ಉಚಿತವಾಗಿ ತೋರುತ್ತದೆ.

ಮರಮಣ್ಣುಗಳ ವಿದ್ಯೆ ನಮ್ಮ ಕಾಲದವರೆಗೂ ಜೀವಂತವಾಗಿದ್ದುದು ದೇಸಾಯರ, ವರ್ತಕರ ವಾಡೆಗಳಲ್ಲಿ. ಹೊರಗೆ ಎತ್ತರದ ಗೋಡೆ, ದೊಡ್ಡ ಬಾಗಿಲಿನೊಳಗೊಂದು ದಿಡ್ಡಿಬಾಗಿಲು. ಒಳಗೆ ಅಂಗಳ, ಪಡಸಾಲೆ, ಬೋದಿಗೆ ಹೊತ್ತ ಕಂಬಗಳು, ತೊಲೆ ಜಂತೆಗಳ ಮೇಲೆ ಬಿಸಿಲನ್ನು ತಡೆಯುವ ಮಣ್ಣಿನ ಮೇಲ್ಮುದ್ದೆ, ಅದರಲ್ಲೊಂದು ಬೆಳಕಿಂಡಿ, ನೆಲದಡಿಯಲ್ಲಿ ಜೋಳದ ಹಗೇವು. ಮಿಲಾನ್ ನಗರದ ಸೆರ್ಬೆಲ್ಲೋನಿ ಅರಮನೆಯೂ ಅಂಗಳವುಳ್ಳ ಮನೆಯೇ. ಆದರೆ ಹದಿನೆಂಟನೆಯ ಶತಮಾನದ ಆ ಅಭಿಜಾತ ಸೌಧವು ಗ್ರೀಕರ ಮಾದರಿಯ ಸ್ತಂಭಗಳನ್ನು ಬೀದಿಗೆ ಮೆರೆಸಿದರೆ, ನಮ್ಮ ವಾಡೆಯು ತನ್ನ ಕೆತ್ತನೆಯನ್ನೆಲ್ಲ ಒಳಗಿನವರಿಗೂ ಅತಿಥಿಗೂ ಮೀಸಲಿರಿಸಿತು. 1796ರಲ್ಲಿ ನೆಪೋಲಿಯನ್ ತಂಗಿದ್ದ ಆ ಅರಮನೆ 1943ರ ಬಾಂಬು ದಾಳಿಯಲ್ಲಿ ಭಗ್ನವಾಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಬಾಗಲಕೋಟೆಯ ಕಥೆ ಬೇರೆ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಹಳೆಯ ಪೇಟೆಯ ತಗ್ಗಿನ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ತೆರಳಿದರು. ಬರದ ನಾಡಿಗೆ ನೀರು ಬೇಕೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಪರಿಹಾರಕ್ಕೆಂದು ಮನೆಮನೆಯನ್ನೂ ಅಳೆದು ಬೆಲೆಕಟ್ಟಿದ ನಾಡಿನಲ್ಲಿ, ಆ ಮನೆಗಳ ನಕಾಶೆಯನ್ನು ಮುಂದಿನ ಪೀಳಿಗೆಗೆಂದು ಬರೆದಿರಿಸುವುದೂ ಶಕ್ಯವಿದ್ದಿತು.

ಹಳೆಯ ಬಾಗಲಕೋಟೆಯ ಎತ್ತರದ ಓಣಿಗಳಲ್ಲಿ, ಬಾದಾಮಿ ಇಳಕಲ್ಲುಗಳ ಹಳೆಯ ಪೇಟೆಗಳಲ್ಲಿ, ಹುನಗುಂದದ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳು, ಅಣ್ಣತಮ್ಮಂದಿರ ಹಿಸೆಯಾದೊಡನೆ ಕಟ್ಟಿಗೆಯ ದರಕ್ಕೆ ಕಂಬಗಳನ್ನು ಕಳೆದುಕೊಳ್ಳುತ್ತಿವೆ. ಗುಡಿಗಳಿಗೆ ಪುರಾತತ್ತ್ವ ಇಲಾಖೆಯ ಕಾವಲಿರುವಾಗ, ಇವುಗಳನ್ನು ಹಾಳೆಯ ಮೇಲಾದರೂ ಉಳಿಸುವ ಭಾರವನ್ನು ಜಿಲ್ಲಾಡಳಿತವು ಹೊರಬೇಕು; ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಳತೆಯ ಟೇಪು ಹಿಡಿದು ವರ್ಷಕ್ಕೆ ಹತ್ತು ವಾಡೆಗಳನ್ನು ಬರೆದಿಟ್ಟರೂ ಅದೊಂದು ದೊಡ್ಡ ಗಳಿಕೆ. ವಾಡೆಯ ಒಡೆಯರಾದವರಲ್ಲಿ ನನ್ನ ಬಿನ್ನಹವಿಷ್ಟೆ: ಕಂಬಕ್ಕೆ ಕೈಹಚ್ಚುವ ಮೊದಲು, ಆ ಹುಡುಗರಿಗೆ ಒಂದು ದಿನ ನಿಮ್ಮ ದಿಡ್ಡಿಬಾಗಿಲನ್ನು ತೆರೆಯಿರಿ.