ಹಾಯಿದೋಣಿಯ ಆ್ಯಕ್ಸಿಲರೇಟರ್ ವೈರ್

ಗಾಳಿಯಿಂದ ಸಾಗುವ ಹಾಯಿದೋಣಿಗೆ ಎಂಜಿನ್ ಏಕೆ? ಬಂದರಿನ ಇಕ್ಕಟ್ಟಿನಲ್ಲಿ ಗಾಳಿಯನ್ನೇ ನಂಬಿದರೆ ಆಗದು. ಅದಕ್ಕೇ ಒಳಗೊಂದು ಪುಟ್ಟ ಡೀಸೆಲ್ ಎಂಜಿನ್. ಅದರ ವೇಗವನ್ನು ಹೆಚ್ಚು ಕಡಿಮೆ ಮಾಡುವ ಹಿಡಿ ಚುಕ್ಕಾಣಿಯ ಬಳಿ ಇರುತ್ತದೆ. ನಡುವೆ ಕೊಳವೆಯೊಳಗೆ ಜಾರುವ ಒಂದು ತಂತಿ. ದೋಣಿ ಧಕ್ಕೆಯನ್ನು ಸಮೀಪಿಸುವಾಗ ಇದು ಸಿಕ್ಕಿಕೊಂಡರೆ ವೇಗ ತಗ್ಗಿಸುವುದು ಹೇಗೆ?

ವಿದ್ಯಾರ್ಥಿಗಳೇ, ಇದು ನಿಮ್ಮ ಸೈಕಲ್ಲಿನ ಬ್ರೇಕ್ ವೈರಿನ ನೆಂಟ. ಆದರೆ ಬ್ರೇಕ್ ವೈರ್ ಎಳೆಯುತ್ತದೆ ಅಷ್ಟೆ, ಹಿಂದಕ್ಕೆ ತರುವುದು ಸ್ಪ್ರಿಂಗ್. ದೋಣಿಯ ತಂತಿ ತಳ್ಳಲೂ ಬೇಕು. ಆದ್ದರಿಂದ ಅದು ಗಡುಸು. ಬಾಗು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಉಪ್ಪುಗಾಳಿಯ ತುಕ್ಕು ಬೇರೆ.

ಹಿಡಿ ಬಿಗಿಯಾದರೆ ಬಲವಂತ ಮಾಡಬಾರದು. ಎಂಜಿನ್ ನಿಲ್ಲಿಸಿ, ಆ ತುದಿಯಲ್ಲಿ ತಂತಿ ಕಳಚಿ, ಎಂಜಿನ್ನಿನ ಸನ್ನೆಯನ್ನು ಕೈಯಿಂದ ಆಡಿಸಬೇಕು. ಸಲೀಸಾಗಿ ಆಡಿತೇ? ದೋಷ ತಂತಿಯಲ್ಲೋ ಹಿಡಿಯಲ್ಲೋ ಇದೆ. ಹಿಡಿಯ ಕಡೆಯೂ ಕಳಚಿದರೆ ಯಾವುದೆಂದು ತಿಳಿಯುತ್ತದೆ. ಪ್ರಯೋಗಶಾಲೆಯ ಕ್ರಮವೇ ಇದು. ಒಳಗೆ ತುಕ್ಕು ಹಿಡಿದ ತಂತಿಗೆ ಎಣ್ಣೆ ಬಿಟ್ಟು ಕಾಲ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಬದಲಿಸುವುದೇ ಸರಿ.

ಹೊಸ ತಂತಿಯ ತುದಿಯ ಮರೆಯನ್ನು ತಿರುಗಿಸಿ ಉದ್ದ ಹೊಂದಿಸಬೇಕು. ಹಿಡಿ ನ್ಯೂಟ್ರಲ್‌ನಲ್ಲಿದ್ದಾಗ ಎಂಜಿನ್ನಿನ ಸನ್ನೆ ಅತಿ ಕಡಿಮೆ ವೇಗದ ತಡೆಗೆ ತಾಗಿರಬೇಕು. ಹಿಡಿಯನ್ನು ಪೂರ್ತಿ ಮುಂದೂಡಿದಾಗ ಆಚೆಯ ತಡೆಯನ್ನು ಮುಟ್ಟಬೇಕು. ಕೊನೆಗೆ ಲಾಕ್ ನಟ್ ಬಿಗಿಮಾಡಿ.