ಮಗನ ಡೈನೋಸಾರ್, ಅಮ್ಮನ ಹೋಂವರ್ಕ್

ಹೋದ ರಜೆಯಲ್ಲಿ ಗೋಕಾಕ ಫಾಲ್ಸ್ ಎದುರು ನಿಂತಾಗ ಎರಡನೇ ತರಗತಿಯ ನನ್ನ ಮಗ ಕೇಳಿದ, "ಮಮ್ಮಿ, ಇಲ್ಲೆ ಡೈನೋಸಾರ್ ನೀರ ಕುಡೀಲಿಕ್ಕೆ ಬರ್ತಿದ್ವೇನ?" ಹಿಂದಿನ ರಾತ್ರಿ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದ. ಅದರಲ್ಲಿ ಡೈನೋಸಾರ್ ಬೆನ್ನ ಮೇಲೆ ಮನುಷ್ಯ ಸವಾರಿ ಹೊರಟಿದ್ದ! "ಇರಬೇಕಪಾ" ಅಂತ ಬಾಯಿ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ಬಿ.ಎ. ಓದಿದ ನನಗೂ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು ಇಬ್ಬರೂ ಕೂತು ಹುಡುಕಿದೆವು. ಫಾಲ್ಸಿನ ಬಂಡೆ ಡೈನೋಸಾರ್‌ಗಳು ಹುಟ್ಟುವುದಕ್ಕೂ ಕೋಟಿಗಟ್ಟಲೆ ವರ್ಷ ಮೊದಲಿನದು. ಆದ್ದರಿಂದ ಅದರೊಳಗೆ ಅವುಗಳ ಮೂಳೆ ಸಿಗುವುದಿಲ್ಲ. ಮಗನ ಮುಖ ಸಣ್ಣದಾಯಿತು. ಆದರೆ ನಮ್ಮ ಎರೆಹೊಲಗಳ ಕಥೆ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಉಕ್ಕಿದ ಲಾವಾ ಗಟ್ಟಿಯಾಗಿ ಕರಿಕಲ್ಲಾಯಿತು. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ ಸೀಮೆಯಲ್ಲೇ ಇದೆ. ಆ ಕಲ್ಲು ಸವೆದು ಬಂದದ್ದೇ ಜೋಳ, ಹತ್ತಿ ಬೆಳೆಯುವ ಕರಿಮಣ್ಣು. ಡೈನೋಸಾರ್‌ಗಳು ಅಳಿದದ್ದೂ ಅದೇ ಹೊತ್ತಿನಲ್ಲಿ. ಮೆಕ್ಸಿಕೋದಲ್ಲಿ ಬಿದ್ದ ಕ್ಷುದ್ರಗ್ರಹದ ಜೊತೆ ಈ ಲಾವಾದ ಪಾಲೆಷ್ಟು ಎಂದು ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಾರೆ. ನಮ್ಮ ಹೊಲದ ಮಣ್ಣಿಗೆ ಇಂಥ ನಂಟು ಇದೆಯೆಂದು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಡೈನೋಸಾರ್ ಅಂದರೆ ಅಮೆರಿಕದ್ದು ಎಂದೇ ಮಕ್ಕಳ ಭಾವನೆ. ಆದರೆ 1828ರಲ್ಲೇ ಜಬಲ್ಪುರದ ಬಳಿ ಇವುಗಳ ಮೂಳೆ ಸಿಕ್ಕಿತ್ತು. ಗುಜರಾತಿನಲ್ಲಿ ಸಿಕ್ಕ ಮಾಂಸಾಹಾರಿ ಡೈನೋಸಾರ್‌ಗೆ 2003ರಲ್ಲಿ 'ರಾಜಾಸಾರಸ್ ನರ್ಮದೆನ್ಸಿಸ್' ಎಂದು ನಮ್ಮ ನರ್ಮದೆಯ ಹೆಸರನ್ನೇ ಇಟ್ಟರು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳು ಸಿಕ್ಕ ವರದಿ 2023ರಲ್ಲಿ ಪ್ರಕಟವಾಯಿತು. ಅಲ್ಲಿನ ರೈತರು ಕುಲದೇವರೆಂದು ಪೂಜಿಸುತ್ತಿದ್ದ ದುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು ಅದೇ ವರ್ಷ ಸುದ್ದಿಯಾಗಿತ್ತು.

ಇದನ್ನೆಲ್ಲ ಶಾಲೆಯೇ ಕಲಿಸಲಿ ಬಿಡಿ ಎನ್ನುತ್ತೀರಾ? 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನೇ ಕೈಬಿಟ್ಟಿತ್ತು. ಮಕ್ಕಳ ಹೊರೆ ಇಳಿಸಲು ಎಂಬುದು ಸಮಜಾಯಿಷಿ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿಯಿತು ನಿಜ. ಆದರೆ ಹತ್ತರ ನಂತರ ಆರ್ಟ್ಸ್, ಕಾಮರ್ಸ್ ಹಿಡಿಯುವ ಮಕ್ಕಳ ಗತಿ? ಪುಸ್ತಕ ಬಿಟ್ಟ ಜಾಗವನ್ನು ಮೊಬೈಲ್ ತುಂಬುತ್ತದೆ. ಅಲ್ಲಿ ಮ್ಯೂಸಿಯಂ ಕೂಡ ಇದೆ, ಕೃತಕ ಬುದ್ಧಿಮತ್ತೆಯಿಂದ ಮಾಡಿದ ಸುಳ್ಳು ವಿಡಿಯೋ ಕೂಡ ಇದೆ. ಎರಡೂ ಮಗುವಿನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅದಕ್ಕೇ ನಾವು ಪಕ್ಕದಲ್ಲಿ ಕೂರಬೇಕು. ಅಡುಗೆ ಮುಗಿಯುವವರೆಗೆ ಸುಮ್ಮನಿರಲಿ ಎಂದು ಮೊಬೈಲ್ ಕೊಟ್ಟು ಬಿಡುವುದು ನಾನೂ ಮಾಡಿದ ತಪ್ಪೇ.

ಹೀಗೆ ಮಾಡಿ ನೋಡಿ:

• ವಾರಕ್ಕೆ ಎರಡು ದಿನ, ಅರ್ಧ ಗಂಟೆ ಸಾಕು. ಮಗುವಿನ ಒಂದೇ ಪ್ರಶ್ನೆ ಆರಿಸಿಕೊಂಡು ಒಟ್ಟಿಗೆ ಹುಡುಕಿ.

• ಮ್ಯೂಸಿಯಂಗಳ ಜಾಲತಾಣ ಮೊದಲು ನೋಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ 'ಡೈನೋ ಡೈರೆಕ್ಟರಿ'ಯಲ್ಲಿ ಚಿತ್ರ, ಅಳತೆ, ಯಾವ ದೇಶದ್ದು ಎಲ್ಲವೂ ಇದೆ. ಇಂಗ್ಲಿಷಿನಲ್ಲಿದ್ದರೆ ಏನಾಯಿತು, ನೀವೇ ಓದಿ ನಮ್ಮ ಮಾತಿನಲ್ಲಿ ಹೇಳಿ.

• ಯಾವುದೇ ವಿಡಿಯೋ ಬಂದರೂ ಮೂರು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಸಿ: ಯಾರು ಹೇಳಿದರು? ಎಲ್ಲಿ ಸಿಕ್ಕಿತು? ಹೇಗೆ ಗೊತ್ತಾಯಿತು? ಮನುಷ್ಯ ಮತ್ತು ಆ ದೈತ್ಯ ಡೈನೋಸಾರ್‌ಗಳ ನಡುವೆ ಆರು ಕೋಟಿ ವರ್ಷಗಳಿಗೂ ಹೆಚ್ಚಿನ ಅಂತರವಿದೆ ಎಂಬುದೊಂದು ಗೊತ್ತಿದ್ದರೆ ಅರ್ಧ ಸುಳ್ಳು ಅಲ್ಲೇ ಬೀಳುತ್ತದೆ.

• ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ನೋಡೋಣ" ಎನ್ನಿ. ಅದರಿಂದ ಅಮ್ಮನ ಮರ್ಯಾದೆ ಹೋಗುವುದಿಲ್ಲ.

ಹಕ್ಕಿಗಳು ಡೈನೋಸಾರ್ ವಂಶದವೇ ಎಂದು ತಿಳಿದ ದಿನ ಮಗ ಅಂಗಳಕ್ಕೆ ಓಡಿ, ಪಕ್ಕದ ಮನೆಯ ಕೋಳಿಯ ಕಾಲನ್ನೇ ಬಗ್ಗಿ ನೋಡುತ್ತ ಕೂತ. ನಮ್ಮ ಅತ್ತೆಯವರು "ಏನ್ ನೋಡ್ತೀಯೋ?" ಅಂದರು. "ಅಜ್ಜಿ, ಡೈನೋಸಾರ್!" ಅಂದ. ಅಂದು ಅವನು ಮೊಬೈಲ್ ಕೇಳಲೇ ಇಲ್ಲ.