ಸಸ್ಯೋದ್ಯಾನದಲ್ಲಿ ಕೇಳಬೇಕಾದ ಎರಡು ಪ್ರಶ್ನೆಗಳು

ಚಾಮರಾಜನಗರ, ಗುಂಡ್ಲುಪೇಟೆಗಳ ವಿದ್ಯಾರ್ಥಿಗಳಿಗೆ ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನವು ಅಪರಿಚಿತವಲ್ಲ. 1848ರಲ್ಲಿ ವಿಲಿಯಂ ಗ್ರಹಾಂ ಮೆಕೈವರ್ ಎಂಬುವರು ರೂಪಿಸಲು ತೊಡಗಿದ ಆ ಉದ್ಯಾನಕ್ಕೆ ಶಾಲಾ ಪ್ರವಾಸ ಹೋಗುವುದುಂಟು. ಹಸುರು ಹಾಸಿನ ಮೇಲೆ ಓಡಾಡಿ, ಹೂಗಳ ಮುಂದೆ ಚಿತ್ರ ತೆಗೆಸಿಕೊಂಡು ಮರಳುವುದು ವಾಡಿಕೆ. ಇದು ತಪ್ಪೆಂದು ನಾವು ಹೇಳುವುದಿಲ್ಲ, ಸಾಲದೆಂದು ಹೇಳುತ್ತೇವೆ.

ಸಸ್ಯೋದ್ಯಾನವೆಂದರೆ ನಾನಾ ದೇಶಗಳ ಗಿಡಮರಗಳನ್ನು ತಂದು, ಹೆಸರು ಗುರುತಿಸಿ, ಬೆಳೆಸಿ ಪರೀಕ್ಷಿಸುವ ಸ್ಥಳ. ಆದಕಾರಣ ಅಲ್ಲಿ ಪ್ರತಿಯೊಂದು ಗಿಡದ ಮುಂದೆಯೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಇದರ ತವರು ಯಾವುದು? ಬೇಲಿ ದಾಟಿದರೆ ಇದು ಏನು ಮಾಡೀತು?

ಎರಡನೆಯ ಪ್ರಶ್ನೆಗೆ ಉತ್ತರವು ದಾರಿಯಲ್ಲಿಯೇ ಇದೆ. ಬಸ್ಸು ಗುಂಡ್ಲುಪೇಟೆಯನ್ನು ಬಿಟ್ಟು ಬಂಡೀಪುರದ ಕಾಡನ್ನು ಹೊಕ್ಕಮೇಲೆ, ಮರಗಳ ಕೆಳಗೆ ಪೊದೆಪೊದೆಯಾಗಿ ಹಬ್ಬಿರುವ ಲಂಟಾನವು ಕಿಟಕಿಯಿಂದಲೇ ಕಾಣುತ್ತದೆ. ಅಮೆರಿಕದ ಉಷ್ಣವಲಯಕ್ಕೆ ಸೇರಿದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ದೂರಕ್ಕೆ ಹರಡಿದವು. ಎಲೆಯಲ್ಲಿ ವಿಷಾಂಶವಿರುವುದರಿಂದ ದನಗಳು ಸಾಮಾನ್ಯವಾಗಿ ಅದನ್ನು ಮೇಯವು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ದಟ್ಟ ನೆರಳಿನಲ್ಲಿ ಹುಲ್ಲಾಗಲಿ, ಮರದ ಸಸಿಯಾಗಲಿ ಏಳುವುದು ಕಷ್ಟ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದೇ ಹಾವಳಿ. ಅಲ್ಲಿ ನೆಲ್ಲಿಕಾಯಿ, ಜೇನು ಸಂಗ್ರಹಿಸಿ ಬಾಳುವ ಸೋಲಿಗರಿಗೆ ಕಾಡಿನೊಳಗೆ ನಡೆಯುವುದೇ ತ್ರಾಸವಾಗಿದೆ.

ಹಾಗೆಂದು ಹೊರನಾಡಿನ ಗಿಡವೆಲ್ಲವೂ ಕೇಡೆನ್ನಲಾಗದು. ಗುಂಡ್ಲುಪೇಟೆಯ ಹೊಲಗಳಲ್ಲಿ ಅರಳುವ ಚೆಂಡುಹೂವಿನ ತವರು ಮೆಕ್ಸಿಕೊ; ಸೂರ್ಯಕಾಂತಿಯದು ಉತ್ತರ ಅಮೆರಿಕ. ಅವು ಲಂಟಾನದಂತೆ ಕಾಡನ್ನು ಆವರಿಸಲಿಲ್ಲ. ರೈತನ ಕೈಗೆ ನಾಲ್ಕು ಕಾಸು ತಂದವು. ಕಡಲಾಚೆಯಿಂದ ಬಂದ ಗಿಡಗಳಲ್ಲಿ ಯಾವುದು ಹೊಲದಲ್ಲಿ ನಿಂತೀತು, ಯಾವುದು ಕಾಡಿಗೆ ನುಗ್ಗೀತು ಎಂಬುದನ್ನು ಮೊದಲೇ ಅರಿಯಲು ಯತ್ನಿಸುವುದು ಸಸ್ಯಶಾಸ್ತ್ರದ ಹೊಣೆ. ಕಲ್ಕತ್ತೆಯಲ್ಲಿ ಅಂದು ಈ ವಿಚಾರ ನಡೆಯದ ಫಲವನ್ನು ಇಂದು ನಮ್ಮ ಕಾಡು ಉಣ್ಣುತ್ತಿದೆ.

ಆದ್ದರಿಂದ ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಉದ್ಯಾನದ ಫಲಕಗಳನ್ನು ನೋಡಿ ಐದು ಗಿಡಗಳ ಹೆಸರನ್ನು ಬರೆದುಕೊಂಡು ಬರಲಿ. ಅವುಗಳ ತವರನ್ನೂ ಬೀಜ ಹರಡುವ ಬಗೆಯನ್ನೂ ಗ್ರಂಥಾಲಯದಲ್ಲಿ ಹುಡುಕಿ ತರಗತಿಗೆ ತಿಳಿಸಲಿ. ವಿದ್ಯಾರ್ಥಿಮಿತ್ರರೇ, ಮುಂದೆ ನಿಮ್ಮ ಅಂಗಳಕ್ಕೆ ಹೊಸ ಹೂಗಿಡವೊಂದನ್ನು ತರುವಾಗ ಆ ಎರಡು ಪ್ರಶ್ನೆಗಳು ನೆನಪಿಗೆ ಬಂದರೆ, ಪ್ರವಾಸಕ್ಕೆ ಕೊಟ್ಟ ಹಣ ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯುತ್ತೇವೆ.